ಪಿಕ್ ಅಪ್, ಪುಷ್ ಬ್ಯಾಕ್: ಹೊಸದಾಗಿ ಬಂದವರಿಗೆ ಇಂಗ್ಲಿಷ್ ಅಭ್ಯಾಸ

ಊರಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದಿ, ಆಫೀಸಿನ ಮೇಲ್‌ಗಳನ್ನು ಸರಾಗವಾಗಿ ಬರೆದವರೂ ಅಮೆರಿಕಕ್ಕೆ ಬಂದ ಹೊಸತರಲ್ಲಿ ಫೋನ್ ಎತ್ತಲು ಹಿಂಜರಿಯುತ್ತಾರೆ. ಅವರನ್ನು ಕಾಡುವುದು ತೀರಾ ಸಣ್ಣ ಪದಗಳು: ಅಪ್, ಆಫ್, ಔಟ್, ಬ್ಯಾಕ್. ನಾವು ಪೋಸ್ಟ್‌ಪೋನ್, ವಾಮಿಟ್, ಸಬ್ಮಿಟ್ ಎಂದು ಕಲಿತ ಕಡೆ ಇಲ್ಲಿನವರು ಪುಟ್ ಆಫ್, ಥ್ರೋ ಅಪ್, ಟರ್ನ್ ಇನ್ ಎನ್ನುತ್ತಾರೆ. ವ್ಯಾಕರಣದಲ್ಲಿ ಇವಕ್ಕೆ ಫ್ರೇಸಲ್ ವರ್ಬ್ ಎಂದು ಹೆಸರು.

ಶಾಲೆಯ ನರ್ಸ್ ಫೋನ್ ಮಾಡಿ, "ಹೀ ಥ್ರೂ ಅಪ್ ಆಫ್ಟರ್ ಲಂಚ್. ಕ್ಯಾನ್ ಯು ಕಮ್ ಪಿಕ್ ಹಿಮ್ ಅಪ್?" ಎಂದರೆ, ಊಟವಾದ ಮೇಲೆ ಮಗ ವಾಂತಿ ಮಾಡಿಕೊಂಡಿದ್ದಾನೆ, ಬಂದು ಕರೆದುಕೊಂಡು ಹೋಗಿ ಎಂದರ್ಥ. ಥ್ರೋ, ಅಪ್ ಎರಡರ ಅರ್ಥ ಕೂಡಿಸುತ್ತಾ ಕೂತರೆ ಏನೂ ಸಿಗದು. ಕನ್ನಡದಲ್ಲಿ ಕೈಕೊಟ್ಟ, ಕೈಬಿಟ್ಟ, ಕೈಯೆತ್ತಿದ ಎನ್ನುವಾಗ ನಾವು ಕೈಯನ್ನು ಹುಡುಕುತ್ತೇವೆಯೇ? ಇಡೀ ಮಾತನ್ನು ಒಂದಾಗಿಯೇ ಕಲಿತಿದ್ದೇವೆ. ಇವನ್ನೂ ಹಾಗೆಯೇ ಕಲಿಯಬೇಕು.

ಅದೇ ವಾಕ್ಯದಲ್ಲಿ ‘ಹಿಮ್’ ಎಲ್ಲಿದೆ ನೋಡಿ. ‘ಪಿಕ್ ಅಪ್ ಯುವರ್ ಸನ್’ ಎಂದರೂ ಸರಿ, ‘ಪಿಕ್ ಯುವರ್ ಸನ್ ಅಪ್’ ಎಂದರೂ ಸರಿ. ಆದರೆ ಹಿಮ್, ಹರ್, ಇಟ್, ದೆಮ್ ಬಂದರೆ ನಡುವೆಯೇ ಬರಬೇಕು. ‘ಪಿಕ್ ಅಪ್ ಹಿಮ್’ ತಪ್ಪು. ‘ಲುಕ್ ಆಫ್ಟರ್ ಹಿಮ್’ನಂಥ ಕೆಲವು ಜೋಡಿಗಳನ್ನು ಮಾತ್ರ ಬಿಡಿಸುವಂತಿಲ್ಲ. ಅನುಮಾನ ಬಂದರೆ ಆಕ್ಸ್‌ಫರ್ಡ್ ಅಥವಾ ಲಾಂಗ್‌ಮನ್‌ನವರ ಕಲಿಯುವವರ ನಿಘಂಟು ತೆರೆಯಿರಿ. ಬಿಡಿಸಬಹುದಾದ ಜೋಡಿಯ ನಡುವೆ ಎರಡು ತುದಿಯ ಬಾಣದ ಗುರುತಿರುತ್ತದೆ.

ಕನ್ನಡಿಗರು ಹೆಚ್ಚು ಎಚ್ಚರವಾಗಿರಬೇಕಾದದ್ದು ಅಪಾಯಿಂಟ್‌ಮೆಂಟ್ ಬದಲಾದಾಗ. ಪರೀಕ್ಷೆ ಮುಂದೂಡಿದರು, ಮದುವೆ ಮುಂದಕ್ಕೆ ಹೋಯಿತು ಎಂದರೆ ನಮಗೆ ತಡ ಎಂದೇ ಅರ್ಥ. ಗುರುವಾರ ಹೋಗಬೇಕಿದ್ದ ಕ್ಲಿನಿಕ್ಕಿನಿಂದ ‘ವಿ ಮೂವ್ಡ್ ಇಟ್ ಅಪ್’ ಎಂಬ ಸಂದೇಶ ಬಂದರೆ ಗುರುವಾರಕ್ಕಿಂತ ಮೊದಲೇ ಹೋಗಬೇಕು. ‘ಪುಷ್ಡ್ ಬ್ಯಾಕ್’ ಎಂದರೆ ತಡ, ನಮ್ಮ ಕಿವಿಗೆ ಹಿಂದಕ್ಕೆ ತಂದಂತೆ ಕೇಳಿಸಿದರೂ. ಪ್ರೀಪೋನ್ ಎಂದರೆ ಇಲ್ಲಿ ಹೆಚ್ಚಿನವರಿಗೆ ತಿಳಿಯುವುದಿಲ್ಲ. ಮಾತು ಮುಗಿಸುವ ಮುನ್ನ ‘ಸೋ ದಟ್ಸ್ ಟ್ಯೂಸ್ಡೇ, ರೈಟ್?’ ಎಂದು ವಾರವನ್ನೂ ತಾರೀಖನ್ನೂ ಬಾಯಿಬಿಟ್ಟು ಕೇಳಿಬಿಡಿ. ಮಗುವಿನ ಲಸಿಕೆಯ ವಿಷಯದಲ್ಲಂತೂ ಸಂಕೋಚ ಬೇಡವೇ ಬೇಡ.

ಪ್ರಶ್ನೆಗಳಲ್ಲೂ ಪದಗಳ ಜಾಗ ಮುಖ್ಯ. ‘ಯಾವಾಗ ಬರ್ತೀರಿ’ ಎನ್ನಲು ಕನ್ನಡದಲ್ಲಿ ಏನನ್ನೂ ತಿರುಗಿಸಬೇಕಿಲ್ಲ, ಹಾಗಾಗಿ ‘ವೆನ್ ಯು ಆರ್ ಕಮಿಂಗ್’ ಎಂದು ಬಾಯಿಗೆ ಬಂದುಬಿಡುತ್ತದೆ. ‘ವೆನ್ ಆರ್ ಯು ಕಮಿಂಗ್’ ಆಗಬೇಕು. ಆದರೆ ಮುಂದೆ ‘ಕ್ಯಾನ್ ಯು ಟೆಲ್ ಮಿ’ ಸೇರಿದರೆ ತಿರುಗಿಸುವುದು ನಿಲ್ಲುತ್ತದೆ: ‘ಕ್ಯಾನ್ ಯು ಟೆಲ್ ಮಿ ವೇರ್ ದ ಆಫೀಸ್ ಈಸ್?’

ಗೆಟ್‌ಗೆ ಇಷ್ಟು, ಟೇಕ್‌ಗೆ ಇಷ್ಟು ಎಂದು ಪಟ್ಟಿ ಉರು ಹೊಡೆಯುವುದರಲ್ಲಿ ನನಗೆ ನಂಬಿಕೆಯಿಲ್ಲ, ಒಂದಕ್ಕೊಂದು ಕಲಸಿಹೋಗುತ್ತವೆ. ಜಾಗಕ್ಕೆ ತಕ್ಕಂತೆ ಕಲಿಯಿರಿ. ಈ ವಾರ ಶಾಲೆಯವು: ಡ್ರಾಪ್ ಆಫ್, ಪಿಕ್ ಅಪ್, ಸೈನ್ ಅಪ್, ಫಿಲ್ ಔಟ್. ಮುಂದಿನ ವಾರ ಫೋನಿನವು: ಹೋಲ್ಡ್ ಆನ್, ಕಾಲ್ ಬ್ಯಾಕ್, ಹ್ಯಾಂಗ್ ಅಪ್. ಒಲೆಯ ಉರಿ ಸಣ್ಣ ಮಾಡುವಾಗ ‘ಟರ್ನ್ ದ ಹೀಟ್ ಡೌನ್, ಟರ್ನ್ ಇಟ್ ಡೌನ್’ ಎಂದು ಗಟ್ಟಿಯಾಗಿ ಹೇಳಿ. ಎರಡನೆಯದರಲ್ಲಿ ಒತ್ತು ಕೊನೆಯ ‘ಡೌನ್’ ಮೇಲೆ ಬೀಳಲಿ, ‘ಇಟ್’ ಹಗುರವಾಗಿ ಹಾದುಹೋಗಲಿ.

ಇಲ್ಲಿನ ಅನೇಕ ಸಾರ್ವಜನಿಕ ಲೈಬ್ರರಿಗಳಲ್ಲಿ ಇಂಗ್ಲಿಷ್ ಸಂಭಾಷಣೆಯ ಗುಂಪುಗಳು ಉಚಿತವಾಗಿ ನಡೆಯುತ್ತವೆ. ಬೇರೆ ಬೇರೆ ದೇಶದವರು ನಮ್ಮಂತೆಯೇ ತಡವರಿಸುತ್ತಾ ಮಾತಾಡುವುದರಿಂದ ಅಲ್ಲಿ ಬಾಯಿ ತೆರೆಯುವುದು ಸುಲಭ. ಒಬ್ಬರೇ ಹೋಗಲು ಮುಜುಗರವೆನಿಸಿದರೆ ನಮ್ಮ ಕನ್ನಡ ಕೂಟದಲ್ಲಿ ಯಾರಿಗಾದರೂ ಹೇಳಿ, ಮೊದಲ ಸಲ ಜೊತೆಗೆ ಬರುತ್ತೇವೆ.