ಅಕ್ಷರದಾಟಕ್ಕೆ ಕೂಡುವ ಮುನ್ನ: ಆಟಗಾರನ ಏರ್ಪಾಡುಗಳು

ಗಣಕಯಂತ್ರದ ಆಟವೆಂದೊಡನೆ ನಮ್ಮ ಕಣ್ಣಮುಂದೆ ಬರುವುದು ಬಣ್ಣದ ಚಿತ್ರ, ಗುಂಡಿನ ಸದ್ದು, ಓಡುವ ಗಾಡಿ. ಆದರೆ ಚಿತ್ರವೇ ಇಲ್ಲದೆ ಬರಿಯ ಅಕ್ಷರಗಳಿಂದ ನಡೆಯತಕ್ಕ ಆಟವೊಂದುಂಟು. ಆಟಗಾರನು ‘ಉತ್ತರಕ್ಕೆ’ ಎಂಬರ್ಥದ ಒಂದು ಮಾತನ್ನು ಟೈಪು ಮಾಡಿದರೆ, ಉತ್ತರದಲ್ಲಿರುವ ಕೋಣೆಯ ವರ್ಣನೆ ಪರದೆಯ ಮೇಲೆ ನಾಲ್ಕು ಸಾಲಾಗಿ ಮೂಡುತ್ತದೆ. ಅದೇ ಕೋಣೆಯಲ್ಲಿ ಬೇರೆ ದೇಶದ ಇನ್ನೊಬ್ಬ ಆಟಗಾರನೂ ನಿಂತಿರಬಹುದು. ಅವನೊಡನೆ ಮಾತಾಡಬಹುದು, ಜೊತೆಗೂಡಿ ರಾಕ್ಷಸನನ್ನು ಹೊಡೆಯಬಹುದು. ಇಂಥ ಆಟಕ್ಕೆ ‘ಮಡ್’ ಎಂದು ಹೆಸರು.

ಇದು ಹೊಸದೇನಲ್ಲ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಯ್ ಟ್ರಬ್‌ಶಾ ಎಂಬವರು ಮೊದಲನೆಯ ಮಡ್ಡನ್ನು ಬರೆಯತೊಡಗಿದರು. 1980ರಲ್ಲಿ ಅವರ ಸಹಪಾಠಿ ರಿಚರ್ಡ್ ಬಾರ್ಟಲ್ ಅದನ್ನು ಕೈಗೆತ್ತಿಕೊಂಡು ಬೆಳೆಸಿದರು. 1991ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಐವರು ವಿದ್ಯಾರ್ಥಿಗಳು ‘ಡಿಕುಮಡ್’ ಎಂಬುದನ್ನು ಹೊರತಂದರು. ಇಂದು ನಡೆಯುತ್ತಿರುವ ಎಷ್ಟೋ ಮಡ್ಡುಗಳು ಅದರ ಮಕ್ಕಳು, ಮೊಮ್ಮಕ್ಕಳು.

ಊರು ಬಿಟ್ಟು ಬಂದು ಮಗರಪಟ್ಟಾ, ಹಡಪಸರದ ಸುತ್ತ ದುಡಿಯುವ ನಮ್ಮವರಿಗೆ ಇದರಿಂದ ಏನು ಪ್ರಯೋಜನ? ಮೊದಲನೆಯದು ಮಿತವ್ಯಯ. ಹಳೆಯ ಪರದೆಯೊಂದರ ಅಳತೆ 24 ಸಾಲು, ಸಾಲಿಗೆ 80 ಅಕ್ಷರ. ಪೂರ್ತಿ ತುಂಬಿದರೂ 1,920 ಇಂಗ್ಲಿಷ್ ಅಕ್ಷರಗಳು, ಅಂದರೆ ಸುಮಾರು ಎರಡು ಸಾವಿರ ಬೈಟು. ಗಂಟೆಗೆ ಅಂಥ 300 ಪರದೆ ಓದಿದರೂ ಆರು ಲಕ್ಷ ಬೈಟು ದಾಟದು. ಸಾಗಾಟದ ಹೊದಿಕೆ ಸೇರಿಸಿದರೂ ಒಂದೆರಡು ಮೆಗಾಬೈಟಿನಲ್ಲಿ ಮುಗಿಯಿತು. ಹಳೆಯ ಫೋನು ಸಾಕು. ಎರಡನೆಯದು ಇಂಗ್ಲಿಷ್ ಅಭ್ಯಾಸ. ಓದದೆ ಇಲ್ಲಿ ಒಂದು ಹೆಜ್ಜೆಯೂ ಸಾಗದು, ಬರೆಯದೆ ಒಂದು ಮಾತೂ ಹೊರಡದು. ತಪ್ಪು ಬರೆದರೆ ನಗುವ ಮೇಲಧಿಕಾರಿ ಇಲ್ಲಿಲ್ಲ. ಮೂರನೆಯದು ಒಡನಾಟ. ಒಂಟಿಯಾಗಿ ಕೋಣೆ ಹಿಡಿದವರಿಗೆ ಅದರ ಬೆಲೆ ಹೇಳಬೇಕಾದ್ದಿಲ್ಲ.

ಆದರೆ ಬಯಲಾಟದಲ್ಲಿ ವೇಷ ಸರಿಯಾಗಿ ಕಟ್ಟಿಕೊಳ್ಳದೆ ರಂಗಕ್ಕೆ ಬಂದವನ ಕಿರೀಟ ಕುಣಿಯುವಾಗ ಉದುರುತ್ತದೆ. ಹಾಗೆಯೇ ಏರ್ಪಾಡುಗಳನ್ನು ನೋಡಿಕೊಳ್ಳದೆ ಆಟಕ್ಕಿಳಿದವನು ಎರಡನೆಯ ದಿನಕ್ಕೇ ಬೇಸತ್ತು ಬಿಡುತ್ತಾನೆ, ಇಲ್ಲವೆ ಆಟದ ಹೊರಗೂ ನಷ್ಟಪಡುತ್ತಾನೆ. ಆದಕಾರಣ ಈ ಪಾಠ. ಆಜ್ಞೆಗಳನ್ನು ಆಟದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪು ಮಾಡತಕ್ಕದ್ದು. ಇಲ್ಲಿ ಉಚ್ಚಾರಣೆಯನ್ನು ಮಾತ್ರ ಕೊಟ್ಟಿದೆ.

1. ಏರ್ಪಾಡುಗಳಲ್ಲಿ ಎರಡು ಬಗೆ

ಇದೇ ಪಾಠದ ಬುನಾದಿ. ಕೆಲವು ಏರ್ಪಾಡುಗಳು ದೂರದಲ್ಲಿರುವ ಆಟದ ಯಂತ್ರದಲ್ಲಿ, ಅಂದರೆ ಸರ್ವರಿನಲ್ಲಿ, ನಮ್ಮ ಪಾತ್ರದ ಹೆಸರಿನೊಡನೆ ಬರೆದಿಟ್ಟಿರುತ್ತವೆ. ನಾವು ಫೋನು ಬದಲಿಸಿದರೂ ಅವು ಬದಲಾಗವು. ಇನ್ನು ಕೆಲವು ನಮ್ಮ ಕೈಯಲ್ಲಿರುವ ಯಂತ್ರದ ತಂತ್ರಾಂಶದಲ್ಲಿ ಇರುತ್ತವೆ. ಈ ತಂತ್ರಾಂಶಕ್ಕೆ ‘ಕ್ಲೈಂಟ್’ ಎನ್ನುತ್ತಾರೆ. ಗಣಕಯಂತ್ರದಲ್ಲಿ ಬಳಸುವ ‘ಮಡ್ಲೆಟ್’ ಎಂಬುದು ಪುಕ್ಕಟೆಯಾಗಿ ದೊರೆಯುವ ಒಂದು ಕ್ಲೈಂಟು. ಅಕ್ಷರದ ಗಾತ್ರ, ಹಿನ್ನೆಲೆಯ ಬಣ್ಣ, ನೆನಪಿಟ್ಟ ಗುಪ್ತಪದ ಇವು ಎರಡನೆಯ ಬಗೆಯವು. ಯಂತ್ರ ಬೇರೆಯವರ ಕೈಗೆ ಹೋದರೆ ಇವೂ ಅವರ ಕೈಗೇ ಹೋದಂತೆ.

ಮೊದಲನೆಯ ಬಗೆಯವನ್ನು ಒಟ್ಟಿಗೆ ನೋಡಲು ಒಂದೊಂದು ಆಟದಲ್ಲಿ ಒಂದೊಂದು ಆಜ್ಞೆಯಿದೆ. ಡಿಕು ವಂಶದ ‘ಸರ್ಕಲ್‌ಮಡ್’ನಲ್ಲಿ ‘ಟಾಗಲ್’. ‘ಆರ್ಡ್‌ವುಲ್ಫ್’ ಎಂಬ ಆಟದಲ್ಲಿ ‘ಕಾನ್ಫಿಗ್’. ‘ಡಿಸ್ಕ್‌ವರ್ಲ್ಡ್’ ಮಡ್ಡಿನಲ್ಲಿ ‘ಆಪ್ಷನ್ಸ್’. ಯಾವುದೂ ತಿಳಿಯದಿದ್ದರೆ ‘ಹೆಲ್ಪ್’ ಎಂದು ಕೇಳಬೇಕು.

2. ಹೆಸರು ಮತ್ತು ಗುಪ್ತಪದ

ಪಾತ್ರಕ್ಕೆ ನಿಮ್ಮ ನಿಜನಾಮ ಬೇಡ. ಕಂಪನಿಯ ಹೆಸರು, ಊರಿನ ಹೆಸರು, ಹುಟ್ಟಿದ ವರ್ಷ ಇವು ಯಾವುವನ್ನೂ ಪಾತ್ರದ ವರ್ಣನೆಯಲ್ಲಿ ಸೇರಿಸಕೂಡದು.

ಗುಪ್ತಪದ ಟೈಪು ಮಾಡುವಾಗ ಪರದೆಯ ಮೇಲೆ ಏನೂ ಕಾಣಿಸುವುದಿಲ್ಲ. ಇದರಿಂದ ಅದು ಗುಟ್ಟಾಗಿ ಹೋಗುತ್ತಿದೆಯೆಂದು ಹಲವರು ನಂಬುತ್ತಾರೆ. ಅದು ಸರಿಯಲ್ಲ. ಮಡ್ಡುಗಳು ಬಹುಮಟ್ಟಿಗೆ ‘ಟೆಲ್‌ನೆಟ್’ ಎಂಬ ಹಳೆಯ ಸಾಗಾಟದ ಪದ್ಧತಿಯನ್ನು ಬಳಸುತ್ತವೆ. ಅದರ ನಿಯಮಗಳು 1983ರಲ್ಲಿ ಈಗಿನ ರೂಪಕ್ಕೆ ಬಂದವು. ಅದರಲ್ಲಿ ಅಕ್ಷರಗಳು ಅಂಚೆಕಾರ್ಡಿನ ಬರಹದಂತೆ ಬಯಲಾಗಿ ಸಾಗುತ್ತವೆ. ಪರದೆಯ ಮೇಲೆ ಕಾಣಿಸದಿರುವುದು ಪಕ್ಕದಲ್ಲಿ ಕೂತವನಿಂದ ಕಾಪಾಡೀತೇ ಹೊರತು, ದಾರಿಯಲ್ಲಿ ಓದುವವನಿಂದ ಕಾಪಾಡದು. ಆದ್ದರಿಂದ ಮೂರು ನಿಯಮಗಳನ್ನು ತಪ್ಪದೆ ಪಾಲಿಸಬೇಕು. ಬ್ಯಾಂಕಿನ, ಭವಿಷ್ಯನಿಧಿಯ ಅಥವಾ ಕಚೇರಿಯ ಗುಪ್ತಪದವನ್ನು ಆಟಕ್ಕೆ ಕೊಡಬಾರದು. ಆಟವು ಗೂಢಲಿಪಿಯ ಸಂಪರ್ಕವನ್ನೂ ಒದಗಿಸಿದ್ದರೆ ಅದನ್ನೇ ಆರಿಸಬೇಕು. ಕೋಣೆಯಲ್ಲಿ ನಾಲ್ವರು ಒಂದೇ ಯಂತ್ರ ಬಳಸುತ್ತಿದ್ದರೆ, ಗುಪ್ತಪದವನ್ನು ನೆನಪಿಟ್ಟುಕೊಳ್ಳಲು ಕ್ಲೈಂಟಿಗೆ ಹೇಳಬಾರದು. ಆಟದ ಪಾತ್ರ ಹೋದರೆ ಇನ್ನೊಂದನ್ನು ಹುಟ್ಟಿಸಬಹುದು. ಊರಿಗೆ ಕಳಿಸಬೇಕಾದ ಸಂಬಳ ಹೋದರೆ ಏನು ಗತಿ?

3. ಪರದೆಯ ಅಂದ

ಹೊಸಬನ ಮೊದಲ ದೂರು ಸಾಮಾನ್ಯವಾಗಿ ಹೀಗಿರುತ್ತದೆ:

“ಅಣ್ಣಾ, ಅಕ್ಷರ ಭರ್ರಂತ ಮ್ಯಾಲೆ ಓಡ್ತಾವಲ್ಲ, ಓದೂದು ಹ್ಯಾಂಗ?”

“ಗಾಬರಿ ಆಗಬ್ಯಾಡ ತಮ್ಮಾ. ಒಮ್ಮೆ ನೋಡಿದ ಕೋಣಿ ವರ್ಣನಾ ಮತ್ತ ಮತ್ತ ಯಾಕ ಬೇಕು? ‘ಬ್ರೀಫ್’ ಅಂತ ಹೊಡಿ.”

‘ಬ್ರೀಫ್’ ಹಾಕಿದರೆ ನಡೆಯುವಾಗ ಕೋಣೆಯ ಹೆಸರಷ್ಟೇ ಬಂದು ಉದ್ದನೆಯ ವರ್ಣನೆ ನಿಲ್ಲುತ್ತದೆ. ಬೇಕಾದಾಗ ‘ಲುಕ್’ ಎಂದು ಪೂರ್ತಿ ಓದಬಹುದು. ‘ಕಾಂಪ್ಯಾಕ್ಟ್’ ಹಾಕಿದರೆ ನಡುವಿನ ಖಾಲಿ ಸಾಲುಗಳು ಕಡಿಮೆಯಾಗುತ್ತವೆ. ‘ಆಟೋ-ಎಕ್ಸಿಟ್’ ಹಾಕಿದರೆ ಯಾವ ದಿಕ್ಕಿಗೆ ಬಾಗಿಲಿದೆಯೆಂಬುದು ತಾನಾಗಿ ಕಾಣುತ್ತದೆ. ಆದರೆ ಇಂಗ್ಲಿಷ್ ಕಲಿಯಲೆಂದು ಆಡುವವರು ಮೊದಲ ತಿಂಗಳು ‘ಬ್ರೀಫ್’ ಹಾಕದಿರುವುದೇ ಒಳ್ಳೆಯದು. ಓದು ಬೆಳೆಯುವುದು ವರ್ಣನೆಯಿಂದಲೇ.

ಸಾಲಿನ ಅಗಲವನ್ನೂ ಗಮನಿಸಬೇಕು. 80 ಅಕ್ಷರಗಳ ಸಾಲು 1928ರ ರಂಧ್ರಪತ್ರಗಳ ಕಾಲದಿಂದ ಬಂದ ಅಳತೆ. ಫೋನಿನ ಕಿರಿದಾದ ಪರದೆಯಲ್ಲಿ ಅಂಥ ಸಾಲು ಮುರಿದು ಚೂರುಚೂರಾಗುತ್ತದೆ. ಆಟದಲ್ಲಿ ಅಗಲ ನಿಗದಿಮಾಡುವ ಏರ್ಪಾಡಿದ್ದರೆ 40ಕ್ಕೆ ಇಳಿಸಿ ನೋಡಿರಿ. ಪರದೆಗೆ ಎಷ್ಟು ಸಾಲು ಎಂಬುದನ್ನೂ ನಿಮ್ಮ ಯಂತ್ರಕ್ಕೆ ಹೊಂದಿಸಿಕೊಂಡರೆ ಪುಟ ತುಂಬಿದೊಡನೆ ಬರಹ ನಿಂತು ನಿಮಗಾಗಿ ಕಾಯುತ್ತದೆ.

ಬಣ್ಣಗಳು ಉಪಯುಕ್ತವೇ. ಆದರೆ ಕಪ್ಪು ಹಿನ್ನೆಲೆಯ ಮೇಲೆ ಕಡುನೀಲಿ ಅಕ್ಷರ ಕಣ್ಣಿಗೆ ಶಿಕ್ಷೆ. ಕ್ಲೈಂಟಿನಲ್ಲಿ ಆ ನೀಲಿಯನ್ನು ತಿಳಿಯಾಗಿಸಿಕೊಳ್ಳಿರಿ. ಅಕ್ಷರಗಳ ನಡುವೆ ಅರ್ಥವಿಲ್ಲದ ಅಂಕಿ, ಕಂಸಗಳು ಕಂಡರೆ ನಿಮ್ಮ ಕ್ಲೈಂಟಿಗೆ ಬಣ್ಣದ ಸಂಕೇತ ತಿಳಿಯದೆಂದು ಅರ್ಥ. ಆಗ ಬಣ್ಣವನ್ನು ಆಟದಲ್ಲೇ ನಿಲ್ಲಿಸಬೇಕು.

ಕಣ್ಣು ಕಾಣದವರೂ ಕಣ್ಣಿದ್ದವರ ಸರಿಸಮನಾಗಿ ಆಡಬಲ್ಲ ಆಟವಿದು. ಆಟವೆಲ್ಲ ಅಕ್ಷರವಾದ್ದರಿಂದ, ಬರಹವನ್ನು ಓದಿ ಹೇಳುವ ತಂತ್ರಾಂಶವಿದ್ದರೆ ಸಾಕು. ‘ಎನ್‌ವಿಡಿಎ’ ಎಂಬುದು ಪುಕ್ಕಟೆಯಾಗಿ ಸಿಗುವ ಅಂಥದೊಂದು ತಂತ್ರಾಂಶ. ಇದನ್ನು ಬಳಸುವವರು ಚುಕ್ಕಿಗೆರೆಗಳಿಂದ ಬರೆದ ನಕ್ಷೆಗಳನ್ನೂ ಬಣ್ಣವನ್ನೂ ನಿಲ್ಲಿಸಿಕೊಂಡರೆ ಕಿವಿಗೆ ಹಿತ.

4. ಪ್ರಾಣ ಕಾಯುವ ಏರ್ಪಾಡು

ಪ್ರತಿ ಆಜ್ಞೆಯ ಕೊನೆಗೆ ಬರುವ ಚಿಕ್ಕ ಸಾಲಿಗೆ ‘ಪ್ರಾಂಪ್ಟ್’ ಎನ್ನುತ್ತಾರೆ. ಪಾತ್ರದ ಪ್ರಾಣಬಲ, ಮಂತ್ರಬಲ, ನಡಿಗೆಯ ಬಲ ಎಷ್ಟುಳಿದಿದೆ ಎಂಬುದನ್ನು ಅದರಲ್ಲಿ ತೋರಿಸಿಕೊಳ್ಳಬಹುದು. ಕೈಯಲ್ಲಿ ಎಷ್ಟಿದೆಯೆಂದು ನೋಡದೆ ಖರ್ಚು ಮಾಡುವವನಿಗೂ ಪ್ರಾಂಪ್ಟ್ ಇಲ್ಲದೆ ಕಾದುವವನಿಗೂ ಒಂದೇ ಗತಿ.

ಇನ್ನೊಂದು ಏರ್ಪಾಡು ‘ವಿಂಪಿ’. ಪುಕ್ಕಲು ಎಂದು ಅರ್ಥ. ಹೆಸರಿಗೆ ನಾಚಬೇಕಾದ್ದಿಲ್ಲ. ಪ್ರಾಣಬಲ ನೀವು ಹೇಳಿದ ಅಂಕಿಗಿಂತ ಇಳಿದೊಡನೆ ನಿಮ್ಮ ಪಾತ್ರ ತಾನಾಗಿ ಓಡಲು ಯತ್ನಿಸುತ್ತದೆ. ಅಂಕಿ ಎಷ್ಟಿರಬೇಕು? ಲೆಕ್ಕ ಮಾಡೋಣ. ನಿಮ್ಮ ಪೂರ್ಣಬಲ 100, ಶತ್ರುವಿನ ಒಂದು ಪೆಟ್ಟಿಗೆ 20 ಹೋಗುತ್ತದೆ ಎನ್ನಿ. ವಿಂಪಿ 20 ಇಟ್ಟರೆ, ಬಲ ಸರಿಯಾಗಿ 20 ಇದ್ದಾಗ ಓಟವಿಲ್ಲ. ಮುಂದಿನ ಪೆಟ್ಟಿಗೆ ಸೊನ್ನೆ. ವಿಂಪಿ 50 ಇಟ್ಟರೆ, 50 ಇದ್ದಾಗ ಬಿದ್ದ ಪೆಟ್ಟಿಗೆ 30ಕ್ಕಿಳಿದು ಓಟ ಮೊದಲಾಗುತ್ತದೆ. ಬಾಗಿಲು ಸಿಗದೆ ಓಟ ತಪ್ಪಿದರೂ 10 ಉಳಿದು ಇನ್ನೊಂದು ಅವಕಾಶವಿರುತ್ತದೆ. ಸರ್ಕಲ್‌ಮಡ್ಡಿನಲ್ಲಿ ಪೂರ್ಣಬಲದ ಅರ್ಧಕ್ಕಿಂತ ಹೆಚ್ಚು ಇಡಲು ಬಿಡುವುದಿಲ್ಲ. ಆದ್ದರಿಂದ ಸೂತ್ರ ಇಷ್ಟು: ಶತ್ರುವಿನ ಎರಡು ಪೆಟ್ಟಿಗಿಂತ ಹೆಚ್ಚಿರಲಿ. ಅರ್ಧದೊಳಗೆ ಅದು ಹಿಡಿಸದಿದ್ದರೆ ಆ ಶತ್ರು ನಿಮಗೆ ತಕ್ಕವನಲ್ಲ.

ಮೇಲೆ ಹೇಳಿದ ಎರಡು ಬಗೆಯ ಭೇದ ಇಲ್ಲಿ ಫಲ ಕೊಡುತ್ತದೆ. ಲಿಫ್ಟಿನಲ್ಲೋ ಬಸ್ಸಿನಲ್ಲೋ ಸಂಪರ್ಕ ಕಡಿದರೆ, ನಮ್ಮ ಕ್ಲೈಂಟಿನಲ್ಲಿ ಬರೆದಿಟ್ಟ ಉಪಾಯಗಳು ಅಲ್ಲಿಗೆ ನಿಂತವು. ವಿಂಪಿಯಾದರೋ ಸರ್ವರಿನಲ್ಲಿರುವುದರಿಂದ ನಾವಿಲ್ಲದಾಗಲೂ ಕೆಲಸ ಮಾಡುತ್ತದೆ. ಪ್ರಾಣ ಕಾಯುವ ಏರ್ಪಾಡನ್ನು ಯಾವಾಗಲೂ ಸರ್ವರಿನಲ್ಲೇ ಇಡತಕ್ಕದ್ದು.

5. ಮಾತಿನ ಬಾಗಿಲುಗಳು

ಆಟದಲ್ಲಿ ಎಲ್ಲರಿಗೂ ಕೇಳಿಸುವ ಹರಟೆಯ ಸಾಲು, ಹರಾಜಿನ ಸಾಲು, ಒಬ್ಬರಿಗೊಬ್ಬರು ಆಡುವ ಗುಟ್ಟಿನ ಮಾತು ಹೀಗೆ ಬೇರೆ ಬೇರೆ ದಾರಿಗಳಿವೆ. ಸರ್ಕಲ್‌ಮಡ್ಡಿನಲ್ಲಿ ‘ನೋಗಾಸಿಪ್’, ‘ನೋಆಕ್ಷನ್’, ‘ನೋಟೆಲ್’ ಎಂಬ ಆಜ್ಞೆಗಳಿಂದ ಒಂದೊಂದನ್ನೇ ಮುಚ್ಚಬಹುದು. ಎಲ್ಲವನ್ನೂ ಮುಚ್ಚಿ ಕೂತರೆ ಒಡನಾಟ ತಪ್ಪಿತು; ಎಲ್ಲವನ್ನೂ ತೆರೆದರೆ ಸಂತೆಯಾಯಿತು. ಹರಟೆಯನ್ನು ತೆರೆದಿಟ್ಟು ಹರಾಜನ್ನು ಮುಚ್ಚುವುದು ಹೊಸಬರಿಗೆ ಹಿತ. ಗುಟ್ಟಿನ ಮಾತಿನಲ್ಲಿ ಯಾರಾದರೂ ಹಣ, ಫೋನ್ ಸಂಖ್ಯೆ ಅಥವಾ ಒಟಿಪಿ ಕೇಳಿದರೆ ಉತ್ತರ ಬೇಡ. ಆಟದ ಮೇಲ್ವಿಚಾರಕರಿಗೆ ತಿಳಿಸಿರಿ. ಹಣ ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ನಮ್ಮ ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿತೆಂಬುದು ನೆನಪಿರಲಿ. ಇಲ್ಲಿ ಹೇಳಿದ್ದು ಪಣವಿಲ್ಲದ ಆಟವನ್ನು ಕುರಿತು ಮಾತ್ರ.

6. ಕನ್ನಡ ಏಕೆ ಹೋಗದು?

ಎದುರಿಗೆ ಇನ್ನೊಬ್ಬ ಕನ್ನಡಿಗ ಸಿಕ್ಕನೆಂದು ಸಂತೋಷದಿಂದ ಕನ್ನಡ ಟೈಪು ಮಾಡಿದರೆ ಆ ಕಡೆ ಬರಿಯ ಪ್ರಶ್ನಾರ್ಥಕ ಚಿಹ್ನೆಗಳು ಕಾಣಬಹುದು. ಕಾರಣವೇನೆಂದರೆ, ಹಳೆಯ ಸರ್ವರುಗಳು ಒಂದು ಅಕ್ಷರಕ್ಕೆ ಒಂದು ಬೈಟು ಎಂದೇ ಎಣಿಸುತ್ತವೆ. 1991ರಲ್ಲಿ ಹೊರಬಂದ ಯೂನಿಕೋಡಿನಲ್ಲಿ ಕನ್ನಡಕ್ಕೆ ತನ್ನದೇ ಸ್ಥಾನವಿದೆ. ಆದರೆ ಈಗ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಅದರ ಪ್ರತಿ ಸಂಕೇತಕ್ಕೆ ಮೂರು ಬೈಟು ಬೇಕು. ನಾವು ಒಂದೇ ಅಕ್ಷರವೆಂದು ಬರೆಯುವ ‘ಕ್ಷ’ದಲ್ಲಿ ಕಕಾರ, ಅರ್ಧಾಕ್ಷರದ ಚಿಹ್ನೆ, ಷಕಾರ ಎಂದು ಮೂರು ಸಂಕೇತಗಳು, ಒಟ್ಟು ಒಂಬತ್ತು ಬೈಟು. ಹಳೆಯ ಸರ್ವರು ಇವನ್ನು ಕಸವೆಂದು ತಳ್ಳಿಬಿಡುತ್ತದೆ. ಕ್ಲೈಂಟಿನಲ್ಲಿ ‘ಯುಟಿಎಫ್-8’ ಎಂಬ ಏರ್ಪಾಡನ್ನು ಆರಿಸಿ ನೋಡಿರಿ. ಸರ್ವರೂ ಒಪ್ಪಿದರೆ ಕನ್ನಡ ಹೋದೀತು. ಇಲ್ಲವಾದರೆ ಇಂಗ್ಲಿಷ್ ಲಿಪಿಯಲ್ಲೇ ಕನ್ನಡ ಮಾತಾಡಬೇಕು.

7. ಎದ್ದು ಬರುವ ಏರ್ಪಾಡು

ಮುಗಿಸುವ ಮುನ್ನ ‘ಸೇವ್’ ಎನ್ನಬೇಕು. ಕೆಲವು ಆಟಗಳಲ್ಲಿ ಛತ್ರಕ್ಕೆ ಹೋಗಿ ಬಾಡಿಗೆ ಕೊಟ್ಟು ಮಲಗದೆ ‘ಕ್ವಿಟ್’ ಎಂದರೆ ಗಳಿಸಿದ ಸಾಮಾನು ಅಲ್ಲೇ ಬಿದ್ದುಹೋಗುತ್ತದೆ. ಆ ಆಟದ ಪದ್ಧತಿಯನ್ನು ಮೊದಲ ದಿನವೇ ‘ಹೆಲ್ಪ್’ನಲ್ಲಿ ಓದಿರಿ.

ಕಚೇರಿಯ ಯಂತ್ರದಲ್ಲಿ ಆಡಲೇಬಾರದು. ಅಲ್ಲಿಂದ ಹೊರಡುವ ಸಂಪರ್ಕಗಳ ದಾಖಲೆ ಮಾಲೀಕರಲ್ಲಿ ಉಳಿಯಬಹುದು; ಒಂದು ಸಂಜೆಯ ಆಟಕ್ಕೆ ಕೆಲಸವನ್ನು ಒಡ್ಡುವುದು ಜಾಣತನವಲ್ಲ.

ರಾತ್ರಿಪಾಳಿಯವರಿಗೆ ಒಂದು ಎಚ್ಚರಿಕೆಯ ಮಾತು. ನಮ್ಮ ಬೆಳಗಿನ ಆರೂವರೆ ಎಂದರೆ ನ್ಯೂಯಾರ್ಕಿನಲ್ಲಿ ಚಳಿಗಾಲದಲ್ಲಿ ಹಿಂದಿನ ರಾತ್ರಿ ಎಂಟು, ಬೇಸಿಗೆಯಲ್ಲಿ ಒಂಬತ್ತು ಗಂಟೆ. ಅಲ್ಲಿಯವರು ಕೆಲಸ ಮುಗಿಸಿ, ಉಂಡು, ಆಟಕ್ಕೆ ಕೂಡುವ ಹೊತ್ತು. ಪಾಳಿ ಮುಗಿಸಿ ಬಂದವನಿಗೆ ಆಟ ರಂಗೇರಿ ಕಾಣುವುದೂ ಆಗಲೇ, ದೇಹ ನಿದ್ದೆ ಬೇಡುವುದೂ ಆಗಲೇ. ಮಡ್ಡು ರಾತ್ರಿ ಹಗಲು ನಡೆಯುತ್ತದೆ. ಅದು ತಾನಾಗಿ ನಿಲ್ಲುವುದಿಲ್ಲ. ಎದ್ದು ಬರುವ ಆಜ್ಞೆಯನ್ನು ಮಾತ್ರ ಯಾವ ಸರ್ವರೂ ನಮಗಾಗಿ ಇಟ್ಟುಕೊಳ್ಳದು. ಫೋನಿನ ಗಂಟೆಯನ್ನು ಮುಕ್ಕಾಲು ತಾಸಿಗೆ ಇಟ್ಟು ಕೂಡಿರಿ. ಹೊಡೆದೊಡನೆ ‘ಸೇವ್’ ಮಾಡಿ ಏಳಿರಿ.

ಅಭ್ಯಾಸ

(ಅ) ಪೂರ್ಣಬಲ 160, ಶತ್ರುವಿನ ಪೆಟ್ಟು 30 ಆದರೆ ವಿಂಪಿ ಎಷ್ಟರಿಂದ ಎಷ್ಟರೊಳಗಿರಬೇಕು? (ಉತ್ತರ: 60ಕ್ಕಿಂತ ಹೆಚ್ಚು, 80ಕ್ಕೆ ಮೀರದಂತೆ.)

(ಆ) ‘ಅಮ್ಮ’ ಎಂಬ ಮಾತಿಗೆ ಯುಟಿಎಫ್-8ರಲ್ಲಿ ಎಷ್ಟು ಬೈಟು? (ಉತ್ತರ: ಅ, ಮ, ಅರ್ಧಾಕ್ಷರದ ಚಿಹ್ನೆ, ಮ, ನಾಲ್ಕು ಸಂಕೇತ, 12 ಬೈಟು.)

(ಇ) ನಿಮ್ಮ ಆಟದ ಏರ್ಪಾಡುಗಳನ್ನೆಲ್ಲ ಒಂದು ಕಾಗದದಲ್ಲಿ ಬರೆದು, ಯಾವುದು ಸರ್ವರಿನದು, ಯಾವುದು ಕ್ಲೈಂಟಿನದು ಎಂದು ವಿಂಗಡಿಸಿರಿ. ಗುಪ್ತಪದವನ್ನು ಮಾತ್ರ ಆ ಕಾಗದದಲ್ಲಿ ಬರೆಯಬೇಡಿರಿ.