ಕಾಕ್‌ಪಿಟ್‌ಗೆ ಹೊರಟವಳಿಗೆ

ಪುಟ್ಟಿ,

ಜಕ್ಕೂರಿನ ತರಬೇತಿ ಶಾಲೆಯಲ್ಲಿ ನಿನಗೆ ಸೀಟು ಸಿಕ್ಕಿತೆಂದು ನಿನ್ನಪ್ಪ ಹೇಳಿದ. ಬಹಳ ಸಂತೋಷವಾಯಿತು. ಜೊತೆಗೆ ಇನ್ನೊಂದು ಮಾತೂ ಕಿವಿಗೆ ಬಿತ್ತು. ಹವಾಮಾನ, ನ್ಯಾವಿಗೇಶನ್ ಎಲ್ಲ ಇಷ್ಟಪಟ್ಟು ಓದುತ್ತೇನೆ, ಏರ್ ರೆಗ್ಯುಲೇಶನ್ ಪುಸ್ತಕವನ್ನು ಮಾತ್ರ ಪರೀಕ್ಷೆಯ ಹಿಂದಿನ ವಾರ ಬಾಯಿಪಾಠ ಹೊಡೆದು ಮುಗಿಸುತ್ತೇನೆ ಅಂದೆಯಂತೆ. ಅದಕ್ಕೇ ಈ ಪತ್ರ. ನಿನ್ನ ಜೊತೆ ಸೇರಿದ ಮಕ್ಕಳೂ ಓದಲಿ ಎಂದು ಪತ್ರಿಕೆಗೇ ಕಳಿಸುತ್ತಿದ್ದೇನೆ.

ನಾನು ವಿಮಾನ ಹಾರಿಸಿದವನಲ್ಲ, ಪರೀಕ್ಷಿಸಿ ಸಹಿ ಹಾಕಿ ಕಳಿಸಿದವನು. ಹ್ಯಾಂಗರ್‌ನಲ್ಲೂ ವಿಮಾನ ನಿಲ್ಲುವ ಬೇಯಲ್ಲೂ ಇಷ್ಟು ವರ್ಷ ಕಂಡದ್ದರಿಂದ ಹೇಳುತ್ತೇನೆ: ಆ ಪುಸ್ತಕದ ಬಹುಪಾಲು ನಿಯಮಗಳು ಚಿಕ್ಕವರು ದೊಡ್ಡವರಿಗೆ ‘ಬೇಡ, ನಿಲ್ಲಿಸಿ’ ಎನ್ನುವುದಕ್ಕೆ ಕೊಟ್ಟ ಅಧಿಕಾರ. ಕೆಲಸಕ್ಕೆ ಸೇರಿದ ಮೇಲೂ ಹಲವು ವರ್ಷ ಕಾಕ್‌ಪಿಟ್‌ನಲ್ಲಿ ನೀನೇ ಚಿಕ್ಕವಳು. ಆ ಪುಸ್ತಕ ಕ್ಯಾಪ್ಟನ್‌ಗಿಂತ ನಿನಗೇ ಹೆಚ್ಚು ಬೇಕು.

ಮೊದಲು ಎತ್ತರದ ವಿಷಯ. ಆಲ್ಟಿಮೀಟರ್ ಎತ್ತರವನ್ನು ನೇರವಾಗಿ ಅಳೆಯುವುದಿಲ್ಲ. ಹೊರಗಿನ ಗಾಳಿಯ ಒತ್ತಡ ಅಳೆದು ಅದನ್ನು ಅಡಿಗಳಲ್ಲಿ ತೋರಿಸುತ್ತದೆ. ಒತ್ತಡವೋ ಊರಿಂದೂರಿಗೆ, ಗಂಟೆಯಿಂದ ಗಂಟೆಗೆ ಬದಲಾಗುವಂಥದು. ಆದ್ದರಿಂದ ಹೊರಡುವ ಮೊದಲು ಟವರ್‌ನವರು ಆ ಹೊತ್ತಿನ ಕ್ಯೂಎನ್‌ಎಚ್, ಅಂದರೆ ಸಮುದ್ರಮಟ್ಟಕ್ಕೆ ಲೆಕ್ಕಹಾಕಿದ ಒತ್ತಡ ಹೇಳುತ್ತಾರೆ, ನೀನು ಗುಂಡಿ ತಿರುಗಿಸಿ ಅದನ್ನು ಕೂರಿಸಬೇಕು. ಕೂರಿಸಿದಾಗ ಜಕ್ಕೂರಿನಲ್ಲಿ ಚಕ್ರ ನೆಲದ ಮೇಲಿರುವಾಗಲೇ ಮುಳ್ಳು ಸುಮಾರು 3,000 ಅಡಿ ತೋರಿಸುತ್ತದೆ. ಮೀಟರ್ ಕೆಟ್ಟಿದೆ ಅಂದುಕೊಳ್ಳಬೇಡ. ಬೆಂಗಳೂರು ಸಮುದ್ರಮಟ್ಟದಿಂದ ಅಷ್ಟು ಮೇಲಿದೆ. ಇಲ್ಲಿ ಗಾಳಿಯೂ ಅಷ್ಟರಮಟ್ಟಿಗೆ ತೆಳು. ಏಪ್ರಿಲ್ ಮಧ್ಯಾಹ್ನದ ಬಿಸಿಲಲ್ಲಿ ನಿನ್ನ ಪುಟ್ಟ ವಿಮಾನ ನೆಲ ಬಿಡಲು ಕರಾವಳಿಯಲ್ಲಿ ಓಡುವುದಕ್ಕಿಂತ ಉದ್ದ ಓಡುತ್ತದೆ. ಈ ಲೆಕ್ಕವನ್ನು ಹೊರಡುವ ಮೊದಲು ಕಾಗದದ ಮೇಲೆ ಮಾಡುವ ಅಭ್ಯಾಸ ಈಗಿಂದಲೇ ಇರಲಿ.

ಮೇಲೆ ಹೋದ ಮೇಲೂ ಒಬ್ಬೊಬ್ಬರು ತಂತಮ್ಮ ಊರಿನ ಒತ್ತಡವನ್ನೇ ಇಟ್ಟುಕೊಂಡಿದ್ದರೆ ಇಬ್ಬರ ಮೀಟರ್ ತಾಳೆಯಾಗದು. ಹಾಗಾಗಿ ನಿಗದಿಯಾದ ಒಂದು ಎತ್ತರ ದಾಟಿದೊಡನೆ ಎಲ್ಲ ವಿಮಾನಗಳೂ 1013.2 ಹೆಕ್ಟೊಪ್ಯಾಸ್ಕಲ್ ಎಂಬ ಒಂದೇ ಅಂಕಿಗೆ ಬರುತ್ತವೆ. ಅಲ್ಲಿಂದಾಚೆಗೆ ಫ್ಲೈಟ್ ಲೆವೆಲ್ ಲೆಕ್ಕ: 35,000 ಅಡಿ ಎಂದರೆ ಲೆವೆಲ್ 350. ಪೂರ್ವದ ಕಡೆ ಹೋಗುವವರಿಗೆ ಬೆಸ ಸಾವಿರಗಳು, ಪಶ್ಚಿಮದ ಕಡೆಗೆ ಸಮ ಸಾವಿರಗಳು. ಬೆಂಗಳೂರಿನಿಂದ ಚೆನ್ನೈಗೆ ಹೊರಟದ್ದು ಬೆಸ, ಮಂಗಳೂರಿಗೆ ಹೊರಟದ್ದು ಸಮ. ಎದುರುಬದುರು ಬರುವ ಎರಡು ವಿಮಾನಗಳ ನಡುವೆ ಇರುವುದು ಒಂದೇ ಸಾವಿರ ಅಡಿ.

ಆ ಸಾವಿರ ಅಡಿ ಕೈತಪ್ಪಿದರೆ ಏನಾಗುತ್ತದೆಂದು ನಮ್ಮ ದೇಶವೇ ಕಂಡಿದೆ. 1996ರ ನವೆಂಬರ್ 12ರ ಸಂಜೆ ಹರಿಯಾಣದ ಚರ್ಖಿ ದಾದ್ರಿಯ ಆಕಾಶದಲ್ಲಿ, ದೆಹಲಿಯಿಂದ ಹೊರಟ ಸೌದಿ ವಿಮಾನಕ್ಕೆ 14,000 ಅಡಿ, ಇಳಿಯುತ್ತಿದ್ದ ಕಜಕಿಸ್ತಾನದ ವಿಮಾನಕ್ಕೆ 15,000 ಅಡಿ ಎಂದು ಕಂಟ್ರೋಲರ್ ಹೇಳಿದ್ದರು. ಕಜಕ್ ವಿಮಾನ 15,000ದಲ್ಲಿ ನಿಲ್ಲದೆ ಕೆಳಗಿಳಿಯಿತು. ಸತ್ತವರು 349 ಮಂದಿ. ಎದುರು ವಿಮಾನ ಬಂದರೆ ‘ಏರು’, ‘ಇಳಿ’ ಎಂದು ತಾನೇ ಕೂಗಿ ಹೇಳುವ ಟಿಕ್ಯಾಸ್ ಯಂತ್ರ ಅದಾದ ಮೇಲೆ ಇಲ್ಲಿ ಕಡ್ಡಾಯವಾಯಿತು. ದೆಹಲಿಯಲ್ಲಿ ಬರುವ ದಾರಿ, ಹೋಗುವ ದಾರಿ ಬೇರೆಯಾದವು. ನಿನ್ನ ಪುಸ್ತಕದಲ್ಲಿ ಟಿಕ್ಯಾಸ್ ಬಗ್ಗೆ ಇರುವುದು ಕೆಲವೇ ಸಾಲು. ಆ ಸಾಲು ಬಂದಾಗ 349 ಎಂಬ ಅಂಕಿಯನ್ನು ನೆನೆದು ಓದು.

ಇದನ್ನೆಲ್ಲ ಯಾರು ನಡೆಸುತ್ತಾರೆ ಎಂಬುದನ್ನೂ ತಿಳಿದಿರು. 1944ರ ಡಿಸೆಂಬರ್ 7ರಂದು ಶಿಕಾಗೋದಲ್ಲಿ ದೇಶಗಳು ಸಹಿ ಹಾಕಿದ ಒಪ್ಪಂದ ಎಲ್ಲಕ್ಕೂ ಬುಡ. ಅದರಿಂದ ಹುಟ್ಟಿದ ಐಕಾವೋ ಸಂಸ್ಥೆ ಮಾಂಟ್ರಿಯಲ್‌ನಲ್ಲಿದೆ. ಭಾರತದಲ್ಲಿ 1934ರ ಕಾಯ್ದೆಯ ಜಾಗಕ್ಕೆ ಭಾರತೀಯ ವಾಯುಯಾನ ಅಧಿನಿಯಮ ಬಂದಿದ್ದು 2025ರ ಜನವರಿ 1ರಿಂದ ಜಾರಿಯಲ್ಲಿದೆ. ನಿನಗೆ ಲೈಸೆನ್ಸ್ ಕೊಡುವವರು, ಕಸಿಯುವವರು ಡಿಜಿಸಿಎ. ಅವರು ಹೊರಡಿಸುವ ಸಿವಿಲ್ ಏವಿಯೇಶನ್ ರಿಕ್ವೈರ್‌ಮೆಂಟ್ಸ್‌ಗೆ ಎಲ್ಲರೂ ‘ಕಾರ್’ ಅನ್ನುತ್ತಾರೆ. ಆಕಾಶದ ಸಂಚಾರ ನೋಡುವವರು ಏರ್‌ಪೋರ್ಟ್ಸ್ ಅಥಾರಿಟಿ, ಭದ್ರತೆಯ ನಿಯಮ ಬಿಸಿಎಎಸ್‌ನದು. ಅಪಘಾತವಾದರೆ ತನಿಖೆಗೆ ಎಎಐಬಿ ಎಂಬ ಬೇರೆಯೇ ಸಂಸ್ಥೆ ಇದೆ. ಬೇರೆ ಇರುವುದು ಬಹಳ ಸರಿ. ನಿಯಮ ಮಾಡಿದವರೇ ನಿಯಮದ ಲೋಪ ಹುಡುಕಲು ಕೂತರೆ ಯಾರಿಗೂ ನಂಬಿಕೆ ಬರುವುದಿಲ್ಲ. ಆ ತನಿಖೆಯ ಉದ್ದೇಶ ಮುಂದಿನ ಅಪಘಾತ ತಪ್ಪಿಸುವುದೇ ಹೊರತು ಯಾರ ಮೇಲೂ ತಪ್ಪು ಹೊರಿಸುವುದಲ್ಲ ಎಂದು ಐಕಾವೋ ನಿಯಮದಲ್ಲೇ ಬರೆದಿದೆ.

ಈಗ ನನ್ನ ಕೆಲಸದ ವಿಷಯ. ಪ್ರತಿ ವಿಮಾನದಲ್ಲೂ ಒಂದು ಟೆಕ್ ಲಾಗ್ ಇರುತ್ತದೆ. ಹಾರಾಟದಲ್ಲಿ ಕಂಡ ದೋಷಕ್ಕೆ ನಮ್ಮಲ್ಲಿ ‘ಸ್ನ್ಯಾಗ್’ ಅನ್ನುತ್ತೇವೆ. ಇಳಿದ ಪೈಲಟ್ ಸ್ನ್ಯಾಗ್ ಬರೆಯುತ್ತಾರೆ, ಇಂಜಿನಿಯರ್ ಸರಿಪಡಿಸಿ, ಏನು ಮಾಡಿದೆ ಎಂದು ಬರೆದು, ಲೈಸೆನ್ಸ್ ನಂಬರ್ ಹಾಕಿ ಸಹಿ ಮಾಡುತ್ತಾನೆ. ಆ ಸಹಿ ಬೀಳದೆ ವಿಮಾನ ಬೇ ಬಿಡುವಂತಿಲ್ಲ. ಎಲ್ಲ ಸ್ನ್ಯಾಗ್‌ಗೂ ವಿಮಾನ ನಿಲ್ಲಿಸಬೇಕೆಂದಿಲ್ಲ. ಯಾವುದು ಕೆಟ್ಟಿದ್ದರೆ, ಎಷ್ಟು ದಿನ, ಯಾವ ಷರತ್ತಿನ ಮೇಲೆ ಹಾರಬಹುದು ಎಂಬುದಕ್ಕೆ ಎಂಇಎಲ್ ಎಂಬ ಪಟ್ಟಿ ಇದೆ. 1983ರ ಜುಲೈನಲ್ಲಿ ಕೆನಡಾದ ಒಂದು ಬೋಯಿಂಗ್ 767 ಇಂಧನದ ಗೇಜ್‌ಗಳು ಕೆಟ್ಟಿರುವಾಗಲೇ, ಆ ಪಟ್ಟಿ ಒಪ್ಪದಿದ್ದರೂ ಹೊರಟಿತು. ಇಂಧನವನ್ನು ಕೈಲೆಕ್ಕದಲ್ಲಿ ತುಂಬಿದರು, ಕಿಲೋ ಎಂದು ತಿಳಿದದ್ದು ಪೌಂಡ್ ಆಗಿತ್ತು. ಅರ್ಧದಾರಿಯಲ್ಲಿ, 41,000 ಅಡಿಯಲ್ಲಿ ಇಂಧನ ಮುಗಿಯಿತು. ಗಿಮ್ಲಿ ಎಂಬಲ್ಲಿ ಹಳೆಯ ವಾಯುನೆಲೆಯ ಮೇಲೆ ತೇಲಿಸಿ ಇಳಿಸಿದರು, ಎಲ್ಲರೂ ಬದುಕಿದರು. ಪೈಲಟ್‌ಗಳ ಕೈಚಳಕಕ್ಕೆ ನಾನೂ ತಲೆಬಾಗುತ್ತೇನೆ. ಆದರೆ ಹೊರಡುವ ಮೊದಲೇ ಪಟ್ಟಿ ತೆಗೆದು ತೋರಿಸಿ ‘ಆಗುವುದಿಲ್ಲ’ ಎನ್ನುವ ಒಬ್ಬರು ಇದ್ದಿದ್ದರೆ ಆ ಕೈಚಳಕ ಬೇಕಾಗುತ್ತಲೇ ಇರಲಿಲ್ಲ.

ಅಂಥ ಒಬ್ಬನನ್ನು ನಾನು ನೋಡಿದ್ದೇನೆ. ಹಳೇ ಏರ್‌ಪೋರ್ಟ್ ರಸ್ತೆಯಿಂದಲೇ ಬೆಂಗಳೂರಿನ ವಿಮಾನಗಳೆಲ್ಲ ಹೊರಡುತ್ತಿದ್ದ ಕಾಲ. ರಾತ್ರಿಯ ಕೊನೆಯ ವಿಮಾನ, ಪ್ರಯಾಣಿಕರು ಹತ್ತಿಯಾಗಿತ್ತು, ಮಳೆ ಆಗಷ್ಟೇ ನಿಂತಿತ್ತು. ಚಕ್ರಗಳಿಗೆ ಚಾಕ್ ಇಡುವ ಹುಡುಗ, ವೀಲ್ ವೆಲ್‌ನಿಂದ ಏನೋ ತೊಟ್ಟಿಕ್ಕುತ್ತಿದೆ ಸಾರ್ ಅಂದ. ಹಿರಿಯರೊಬ್ಬರು ‘ಮಳೆನೀರು ಕಣೋ, ಚಾಕ್ ತೆಗಿ’ ಎಂದರು. ಹುಡುಗ ಕದಲಲಿಲ್ಲ, ಬೆರಳು ಚಾಚಿ ನಿಂತ. ನಾನು ಟಾರ್ಚ್ ಹಿಡಿದು ಬಗ್ಗಿ, ಬಿಳಿ ಬಟ್ಟೆಯಿಂದ ಒರೆಸಿ ನೋಡಿದೆ. ನೇರಳೆ ಬಣ್ಣ. ನೀರಿಗೆ ಆ ಬಣ್ಣವೂ ಇಲ್ಲ, ಬೆರಳಿಗೆ ತಗುಲಿದರೆ ಆ ಉರಿಯೂ ಇಲ್ಲ. ಅದು ಸ್ಕೈಡ್ರಾಲ್, ಬ್ರೇಕಿನ ಹೈಡ್ರಾಲಿಕ್ ದ್ರವ. ಒಂದು ಪೈಪಿನ ಜೋಡಣೆ ಸಡಿಲವಾಗಿತ್ತು. ಸ್ನ್ಯಾಗ್ ಬರೆದೆವು, ಪ್ರಯಾಣಿಕರನ್ನು ಇಳಿಸಿದರು, ವಿಮಾನ ತಡವಾಗಿ ಹೊರಟಿತು. ಕ್ಯಾಪ್ಟನ್ ಕೆಳಗಿಳಿದು ಬಂದು ಆ ಹುಡುಗನ ಕೈಕುಲುಕಿದರು. ಅವನ ಹತ್ತಿರ ಲೈಸೆನ್ಸ್ ಇರಲಿಲ್ಲ, ಇಂಗ್ಲಿಷೂ ಅಷ್ಟಕ್ಕಷ್ಟೇ. ಕಂಡದ್ದನ್ನು ಹೇಳಿ, ಉತ್ತರ ಸಿಗುವವರೆಗೂ ಜಾಗ ಬಿಡಲಿಲ್ಲ. ಅದನ್ನು ನೀನು ಕಲಿತರೆ ಸಾಕು.

ರೇಡಿಯೋ ಮಾತಿನ ಬಗ್ಗೆ ನಿಮ್ಮ ಇನ್‌ಸ್ಟ್ರಕ್ಟರ್ ಗದರುತ್ತಾರೆ, ಗದರಲಿ. ಕಂಟ್ರೋಲರ್ ಹೇಳಿದ್ದನ್ನು ಹಾಗೇ ತಿರುಗಿ ಒಪ್ಪಿಸಬೇಕು, ‘ಸರಿ’, ‘ಓಕೆ’ ನಡೆಯುವುದಿಲ್ಲ. ಟೇಕ್‌ಆಫ್ ಎಂಬ ಮಾತನ್ನು ಅನುಮತಿ ಕೊಡುವಾಗ ಅಥವಾ ರದ್ದು ಮಾಡುವಾಗ ಮಾತ್ರ ಆಡಬೇಕು. ಬೇರೆಲ್ಲ ಕಡೆ ಡಿಪಾರ್ಚರ್. ಇದರ ಹಿಂದೆ 583 ಜೀವಗಳಿವೆ. 1977ರ ಮಾರ್ಚ್ 27ರಂದು ಸ್ಪೇನ್‌ಗೆ ಸೇರಿದ ಟೆನೆರೀಫ್ ದ್ವೀಪದಲ್ಲಿ ಮಂಜು ಕವಿದ ರನ್‌ವೇ ಮೇಲೆ ಎರಡು ಬೋಯಿಂಗ್ 747ಗಳು ಡಿಕ್ಕಿಯಾದವು. ಅವುಗಳಲ್ಲಿ ಒಂದಾದ ಕೆಎಲ್‌ಎಂ ವಿಮಾನದವರು ಟೇಕ್‌ಆಫ್ ಎಂದದ್ದು ಒಂದರ್ಥದಲ್ಲಿ, ಟವರ್‌ಗೆ ಕೇಳಿಸಿದ್ದು ಇನ್ನೊಂದರ್ಥದಲ್ಲಿ. ಆದರೆ ನನ್ನನ್ನು ಹೆಚ್ಚು ಕಾಡುವುದು ಬೇರೆ ವಿಷಯ. ವಿಮಾನ ಓಡಲು ಶುರುಮಾಡಿದಾಗ, ಆ ಇನ್ನೊಂದು ವಿಮಾನ ರನ್‌ವೇ ಬಿಟ್ಟಿದೆಯೇ ಎಂದು ಕೆಎಲ್‌ಎಂನ ಫ್ಲೈಟ್ ಇಂಜಿನಿಯರ್ ಕೇಳಿದ್ದರು. ಬಿಟ್ಟಿದೆ ಎಂದು ಕ್ಯಾಪ್ಟನ್ ಒತ್ತಿ ಹೇಳಿದರು. ಅವರು ಆ ಕಂಪನಿಯಲ್ಲೇ ಬಹಳ ಹಿರಿಯರು. ಇಂಜಿನಿಯರ್ ಎರಡನೇ ಸಲ ಕೇಳಲಿಲ್ಲ.

ನಮ್ಮ ಮಂಗಳೂರಿನದು ಇದಕ್ಕಿಂತ ನೋವಿನದು. 2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದಲ್ಲಿದ್ದವರು 166 ಮಂದಿ, ಹೆಚ್ಚಿನವರು ಕರಾವಳಿ, ಕಾಸರಗೋಡಿನ ಕಡೆಯವರು. ಬಜ್ಪೆಯ ರನ್‌ವೇ ಗುಡ್ಡದ ತಲೆಯ ಮೇಲಿದೆ, ಸುತ್ತ ಕಣಿವೆ. ವಿಮಾನ ಇರಬೇಕಾದದ್ದಕ್ಕಿಂತ ಬಹಳ ಎತ್ತರದಲ್ಲಿತ್ತು, ವೇಗವೂ ಹೆಚ್ಚಿತ್ತು. ಕ್ಯಾಪ್ಟನ್ ಹಾರಾಟದಲ್ಲಿ ಬಹಳ ಹೊತ್ತು ನಿದ್ದೆ ಮಾಡಿ ಎದ್ದಿದ್ದರೆಂದು ತನಿಖೆ ಹೇಳಿತು. ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರುವುದಕ್ಕೆ ‘ಗೋ ಅರೌಂಡ್’ ಎನ್ನುತ್ತಾರಲ್ಲ, ಆ ಮಾತನ್ನು ಫಸ್ಟ್ ಆಫೀಸರ್ ಮೂರು ಸಲ ಹೇಳಿದರು. ನೆಲ ಹತ್ತಿರವಾದಾಗ ಕೂಗುವ ಯಂತ್ರವೂ ಕೂಗಿತು. ವಿಮಾನ ಇಳಿಯಿತು. 8,000 ಅಡಿ ಉದ್ದದ ರನ್‌ವೇಯಲ್ಲಿ ಸುಮಾರು 5,200 ಅಡಿ ಕಳೆದ ಮೇಲೆ ಚಕ್ರ ನೆಲ ಮುಟ್ಟಿತು. ಉಳಿದವರು ಎಂಟೇ ಮಂದಿ.

ಆ ಫಸ್ಟ್ ಆಫೀಸರ್ ಹೇಳಬೇಕಾದ್ದನ್ನು ಹೇಳಿದ್ದರು, ಪುಟ್ಟಿ. ಸರಿಯಾದ ಪದದಲ್ಲೇ ಹೇಳಿದ್ದರು. ಹೇಳಿದ್ದಕ್ಕೆ ಎದುರಿನವರು ಕಿವಿಗೊಡುವ ಪದ್ಧತಿ ಇರಲೇಬೇಕು, ಕೊಡದಿದ್ದರೆ ಕಂಟ್ರೋಲ್ ತೆಗೆದುಕೊಳ್ಳುವ ಧೈರ್ಯ ನಿನ್ನಲ್ಲಿರಬೇಕು. ಇವತ್ತು ಮೋಡದೊಳಗೆ 1,000 ಅಡಿಗೆ, ತಿಳಿಯಾದ ಹವೆಯಲ್ಲಿ 500 ಅಡಿಗೆ ಬರುವಷ್ಟರಲ್ಲಿ ವೇಗ, ಎತ್ತರ, ದಿಕ್ಕು ಎಲ್ಲ ಹದಕ್ಕೆ ಬಂದಿರಬೇಕು, ಬರದಿದ್ದರೆ ಗೋ ಅರೌಂಡ್. ಗೋ ಅರೌಂಡ್ ಮಾಡಿದ್ದಕ್ಕೆ ಪೈಲಟ್‌ಗೆ ಶಿಕ್ಷೆ ಇಲ್ಲ. ಇಂಧನ ಸುಟ್ಟಿತು, ತಡವಾಯಿತು ಎಂದು ಯಾರಾದರೂ ಮುಖ ಗಂಟಿಕ್ಕಿದರೆ ಗಂಟಿಕ್ಕಲಿ.

ಆಯಾಸದ ವಿಷಯದಲ್ಲೂ ಇದೇ ಧೈರ್ಯ ಬೇಕು. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48 ಗಂಟೆಗೆ ಏರಿಸಿ, ರಾತ್ರಿ ವಿಮಾನ ಇಳಿಸುವ ಸಂಖ್ಯೆಯ ಮಿತಿಯನ್ನು ಬಿಗಿ ಮಾಡಿದ ಹೊಸ ನಿಯಮ ಬಂದಾಗ, 2025ರ ಡಿಸೆಂಬರ್‌ನಲ್ಲಿ ದೇಶದಲ್ಲಿ ಸಾವಿರಾರು ವಿಮಾನಗಳು ರದ್ದಾದವು. ನಿಲ್ದಾಣಗಳಲ್ಲಿ ಜನ ಕಷ್ಟಪಟ್ಟರು, ಅನೇಕರು ಬೈದದ್ದು ನಿಯಮವನ್ನೇ. ನನಗೆ ಅದು ಸರಿಕಾಣಲಿಲ್ಲ. ದಣಿದವರ ಕೈಗೆ ವಿಮಾನ ಕೊಡಬಾರದೆಂಬುದು ಪ್ರಯಾಣಿಕರ ಪರವಾದ ನಿಯಮ. ಮುಂದೆ ಒಂದು ದಿನ ನಿನಗೆ ನಿಜವಾಗಿ ದಣಿವಾಗಿದ್ದರೆ, ಹಾರಲಾರೆ ಎಂದು ರೋಸ್ಟರ್‌ನವರಿಗೆ ಬರಹದಲ್ಲಿ ಹೇಳು.

ಸದ್ಯಕ್ಕೆ ಎರಡು ಕೆಲಸ. ದಿನಾ ಬೆಳಗ್ಗೆ ಕೆಂಪೇಗೌಡ ನಿಲ್ದಾಣದ ಮೆಟಾರ್ ಎಂಬ ಹವಾಮಾನ ವರದಿ ತೆಗೆದು, ಗಾಳಿ ಯಾವ ಕಡೆಯಿಂದ, ಎಷ್ಟು ನಾಟ್, ಮೋಡ ಎಷ್ಟು ಎತ್ತರ, ಕ್ಯೂಎನ್‌ಎಚ್ ಎಷ್ಟು ಎಂದು ಒಂದು ನೋಟ್‌ಬುಕ್‌ನಲ್ಲಿ ಬರೆ. ಆ ಗಾಳಿಗೆ 09 ರನ್‌ವೇ ಕೊಡುತ್ತಾರೋ 27 ಕೊಡುತ್ತಾರೋ ನೀನೇ ಊಹಿಸು, ಆಮೇಲೆ ಆಕಾಶ ನೋಡಿ ತಾಳೆ ಹಾಕು. ಎರಡನೆಯದು, ಮಂಗಳೂರು ಅಪಘಾತದ ತನಿಖಾ ವರದಿ ಸಾರ್ವಜನಿಕವಾಗಿಯೇ ಇದೆ. ಅದನ್ನು ಪ್ರಿಂಟ್ ತೆಗೆಸಿ ಮೊದಲ ಪುಟದಿಂದ ಓದು. ಕಾಕ್‌ಪಿಟ್ ಧ್ವನಿಮುದ್ರಣದ ಭಾಗ ಬಂದಾಗ, ಫಸ್ಟ್ ಆಫೀಸರ್‌ನ ಜಾಗದಲ್ಲಿ ನೀನಿದ್ದರೆ ಯಾವ ಹೊತ್ತಿಗೆ ಏನು ಹೇಳುತ್ತಿದ್ದೆ ಎಂದು ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದುಕೋ. ಓದಿ ಮುಗಿಸಿದ ಮೇಲೆ ಭಾನುವಾರ ಮನೆಗೆ ಬಾ, ಕೂತು ಮಾತಾಡೋಣ.

ಇಂತಿ,
ನಿನ್ನ ದೊಡ್ಡಪ್ಪ