ಓಟಿಪಿ ಬಾರದೆಯೂ ಹಣ ಹೋಗಬಹುದು: ವಿದೇಶಿ ಜಾಲತಾಣಗಳಲ್ಲಿ ಕಾರ್ಡ್ ಬಳಸುವ ಕ್ರಮ



ದ್ವಿತೀಯ ಪಿಯುಸಿ ಆದ ಮೇಲೆ ಎಸಿಸಿಎ ಮಾಡಬೇಕು ಎನ್ನುವವರು ನಮ್ಮ ವಾಣಿಜ್ಯ ವಿಭಾಗದಲ್ಲಿ ಕಡಿಮೆಯೇನಿಲ್ಲ. ಅದು ಬ್ರಿಟನ್ನಿನ ಸಂಸ್ಥೆ. ಶುಲ್ಕವನ್ನು ಪೌಂಡ್‌ನಲ್ಲಿ ಕಟ್ಟಬೇಕು. ಅಮೆರಿಕದ ಎಸ್‌ಎಟಿ ಪರೀಕ್ಷೆಗೆ ಡಾಲರ್‌ನಲ್ಲಿ. ಕೆಲವರು ಪುಸ್ತಕ, ಸಾಫ್ಟ್‌ವೇರ್, ಗೇಮ್‌ಗಳನ್ನು ಹೊರದೇಶದ ಜಾಲತಾಣಗಳಿಂದ ಕೊಳ್ಳುತ್ತಾರೆ. ಆಗ ನಾವು ಕೇಳುವುದು ಅಬ್ಬಾ ಅಥವಾ ಭಾಯಿಜಾನ್ ಅವರ ಕಾರ್ಡನ್ನು. ಕಾರ್ಡ್ ಅವರದು, ಬೆರಳು ನಮ್ಮದು. ಆದ್ದರಿಂದ ನಿಯಮಗಳನ್ನು ತಿಳಿದುಕೊಳ್ಳುವ ಹೊಣೆ ನಮ್ಮ ಮೇಲೇ ಹೆಚ್ಚು.

ಓಟಿಪಿ ಎಲ್ಲ ಕಡೆ ಕಡ್ಡಾಯವಲ್ಲ

"ಓಟಿಪಿ ಯಾರಿಗೂ ಹೇಳಬೇಡ, ಆಗ ದುಡ್ಡು ಎಲ್ಲಿಗೂ ಹೋಗುವುದಿಲ್ಲ" ಎಂದು ಮನೆಗಳಲ್ಲಿ ಹೇಳುವುದುಂಟು. ಮೊದಲ ಮಾತು ಸರಿ. ಎರಡನೆಯದು ಅರ್ಧ ಮಾತ್ರ ಸರಿ. ಭಾರತದೊಳಗಿನ ಆನ್‌ಲೈನ್ ಕಾರ್ಡ್ ವ್ಯವಹಾರಗಳಿಗೆ ಹೆಚ್ಚುವರಿ ದೃಢೀಕರಣವನ್ನು ರಿಸರ್ವ್ ಬ್ಯಾಂಕ್ 2009ರಲ್ಲಿಯೇ ಕಡ್ಡಾಯ ಮಾಡಿತು. ನಮಗೆ ಓಟಿಪಿ ಬರುವುದು ಇದರಿಂದಲೇ. ಆದರೆ ವಿದೇಶಿ ಮಾರಾಟಗಾರ ಈ ನಿಯಮಕ್ಕೆ ಒಳಪಟ್ಟವನಲ್ಲ. ಕಾರ್ಡಿನ ಸಂಖ್ಯೆ, ಅವಧಿ ಮುಗಿಯುವ ತಿಂಗಳು ಮತ್ತು ವರ್ಷ, ಸಿವಿವಿ, ಇಷ್ಟಿದ್ದರೆ ಅನೇಕ ಹೊರದೇಶದ ತಾಣಗಳಲ್ಲಿ ಹಣ ಕಡಿತವಾಗುತ್ತದೆ.

2025ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊಸ ನಿರ್ದೇಶನ ಹೊರಡಿಸಿತು. ವಿದೇಶಿ ಮಾರಾಟಗಾರ ದೃಢೀಕರಣ ಕೇಳಿದರೆ ಅದನ್ನು ನಡೆಸಿಕೊಡುವ ವ್ಯವಸ್ಥೆಯನ್ನು ಬ್ಯಾಂಕುಗಳು 2026ರ ಅಕ್ಟೋಬರ್ 1ರೊಳಗೆ ಮಾಡಿಕೊಳ್ಳಬೇಕು ಎಂದು ಅದರಲ್ಲಿದೆ. ಇಲ್ಲಿ "ಕೇಳಿದರೆ" ಎಂಬ ಪದವನ್ನು ಗಮನಿಸಿ. ಕೇಳದ ಮಾರಾಟಗಾರನೂ ಇರುತ್ತಾನೆ. ಆದ್ದರಿಂದ ನಮ್ಮ ಬಾಗಿಲಿಗೆ ನಾವೇ ಚಿಲಕ ಹಾಕಿಕೊಳ್ಳಬೇಕು.

ಆ ಚಿಲಕ ಎಲ್ಲಿದೆ?

2020ರ ಜನವರಿ 15ರ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ ಹೊಸದಾಗಿ ಕೊಡುವ ಕಾರ್ಡ್ ಭಾರತದೊಳಗಿನ ಎಟಿಎಂ ಮತ್ತು ಅಂಗಡಿಯ ಯಂತ್ರಗಳಲ್ಲಿ ಮಾತ್ರ ನಡೆಯಬೇಕು. ಆನ್‌ಲೈನ್ ಮತ್ತು ಅಂತಾರಾಷ್ಟ್ರೀಯ ಬಳಕೆ ಬೇಕಾದರೆ ಗ್ರಾಹಕರೇ ಅದನ್ನು ಚಾಲನೆ ಮಾಡಿಕೊಳ್ಳಬೇಕು. ಬೇಕೆಂದಾಗ ತೆರೆಯಲು, ಬೇಡವೆಂದಾಗ ಮುಚ್ಚಲು, ಮಿತಿ ಹಾಕಲು ದಿನದ 24 ಗಂಟೆಯೂ ಅವಕಾಶವಿರಬೇಕು ಎಂದೂ ಸುತ್ತೋಲೆ ಹೇಳುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡ್ ವಿಭಾಗಕ್ಕೆ ಹೋದರೆ ಈ ಗುಂಡಿಗಳು ಸಿಗುತ್ತವೆ.

ಕ್ರಮ ಹೀಗಿರಲಿ:

1. ಕಟ್ಟಬೇಕಾದ ಮೊತ್ತವನ್ನು ಮೊದಲು ಖಚಿತಪಡಿಸಿಕೊಳ್ಳಿ.
2. ಅಂತಾರಾಷ್ಟ್ರೀಯ ಆನ್‌ಲೈನ್ ಬಳಕೆಯನ್ನು ತೆರೆದು, ಮಿತಿಯನ್ನು ಆ ಮೊತ್ತಕ್ಕಿಂತ ಸ್ವಲ್ಪ ಮೇಲೆ ಇಡಿ.
3. ಜಾಲತಾಣದ ವಿಳಾಸವನ್ನು ನೀವೇ ಟೈಪ್ ಮಾಡಿ. ವಾಟ್ಸಾಪ್‌ನಲ್ಲಿ ಬಂದ ಲಿಂಕ್ ಒತ್ತಬೇಡಿ.
4. "ಕಾರ್ಡ್ ವಿವರ ಉಳಿಸಲೇ?" ಎಂಬ ಚೌಕದಲ್ಲಿ ಗುರುತು ಇದ್ದರೆ ತೆಗೆಯಿರಿ.
5. ಹಣ ಸಂದಾಯವಾದ ಕೂಡಲೇ ಗುಂಡಿಯನ್ನು ಮತ್ತೆ ಮುಚ್ಚಿ.

ನಾಲ್ಕನೆಯ ಹೆಜ್ಜೆಗೆ ಕಾರಣವಿದೆ. 2022ರ ಅಕ್ಟೋಬರ್ 1ರಿಂದ ಭಾರತದ ಮಾರಾಟಗಾರರು ಕಾರ್ಡಿನ ನಿಜವಾದ ಸಂಖ್ಯೆಯನ್ನು ಉಳಿಸಿಕೊಳ್ಳುವಂತಿಲ್ಲ. ಅದರ ಬದಲು ಟೋಕನ್ ಇರುತ್ತದೆ. ಹೊರದೇಶದ ಅಂಗಡಿಗೆ ಈ ಕಟ್ಟಳೆ ಇಲ್ಲ. ಅವರ ಕಂಪ್ಯೂಟರ್‌ನಿಂದ ಮಾಹಿತಿ ಕಳುವಾದರೆ ನಮ್ಮ ಸಂಖ್ಯೆಯೂ ಅದರ ಜೊತೆ ಹೋಗುತ್ತದೆ. ಇನ್ನೊಂದು ಮಾತು: ವಿಳಾಸದ ಪಕ್ಕದ ಬೀಗದ ಗುರುತು, ಕಳುಹಿಸುವ ಮಾಹಿತಿಯನ್ನು ದಾರಿಯಲ್ಲಿ ಯಾರೂ ಓದಲಾರರು ಎಂದಷ್ಟೇ ಹೇಳುತ್ತದೆ. ಅಂಗಡಿಯವನು ಪ್ರಾಮಾಣಿಕ ಎಂದು ಹೇಳುವುದಿಲ್ಲ.

ಡೆಬಿಟ್ ಒಳ್ಳೆಯದೋ, ಕ್ರೆಡಿಟ್ ಒಳ್ಳೆಯದೋ?

ಕ್ರೆಡಿಟ್ ಕಾರ್ಡಿನಲ್ಲಿ ಮೋಸವಾದರೆ ತಕ್ಷಣ ಸಿಕ್ಕಿಕೊಳ್ಳುವುದು ಬ್ಯಾಂಕಿನ ಹಣ. ಬಿಲ್ ಬರುವ ಮುಂಚೆ ತಕರಾರು ಎತ್ತಲು ಸಮಯವಿರುತ್ತದೆ. ಡೆಬಿಟ್ ಕಾರ್ಡಿನಲ್ಲಿ ಹೋಗುವುದು ನಮ್ಮದೇ ಹಣ. ಮರಳಿ ಬರುವ ತನಕ ಮನೆ ಖರ್ಚಿಗೂ ಪರದಾಡಬೇಕು. ಈ ದೃಷ್ಟಿಯಿಂದ ಕ್ರೆಡಿಟ್ ಕಾರ್ಡ್ ಮೇಲು. ಆದರೆ ಗಡುವಿನೊಳಗೆ ಪೂರ್ತಿ ಬಿಲ್ ಕಟ್ಟದಿದ್ದರೆ ತಿಂಗಳಿಗೆ ಶೇಕಡಾ 3ರ ಆಸುಪಾಸು ಬಡ್ಡಿ ಬೀಳುತ್ತದೆ. ಬಡ್ಡಿಯ ಸಹವಾಸವೇ ಬೇಡವೆಂದು ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಕ್ರೆಡಿಟ್ ಕಾರ್ಡ್ ಇಟ್ಟುಕೊಳ್ಳುವುದಿಲ್ಲ.

ಅಂಥವರಿಗೆ ಸುಲಭ ಉಪಾಯ ಒಂದಿದೆ. ಸಂಬಳ ಬೀಳುವ, ಇಲ್ಲವೇ ಸೌದಿ, ದುಬೈಯಿಂದ ಹಣ ಬರುವ ಖಾತೆಯ ಕಾರ್ಡನ್ನು ವಿದೇಶಿ ಖರೀದಿಗೆ ಬಳಸಬೇಡಿ. ಬೇರೊಂದು ಉಳಿತಾಯ ಖಾತೆಯಲ್ಲಿ ಬೇಕಾದಷ್ಟು ಮಾತ್ರ ಹಾಕಿ, ಆ ಕಾರ್ಡಿನಿಂದ ಕಟ್ಟಿ. ಕಾರ್ಡ್ ಹೊರದೇಶದ ತಾಣಗಳಲ್ಲಿ ನಡೆಯುತ್ತದೆಯೇ ಎಂದು ಬ್ಯಾಂಕಿನಲ್ಲಿ ಮೊದಲೇ ಕೇಳಿಕೊಳ್ಳಿ. ಎಲ್ಲ ರುಪೇ ಕಾರ್ಡುಗಳೂ ನಡೆಯುವುದಿಲ್ಲ.

ಲೆಕ್ಕ ಮಾಡಿ ನೋಡೋಣ

100 ಪೌಂಡ್ ಕಟ್ಟಬೇಕಾಗಿದೆ ಎಂದು ಇಟ್ಟುಕೊಳ್ಳಿ. ಲೆಕ್ಕದ ಅನುಕೂಲಕ್ಕೆ ಒಂದು ಪೌಂಡ್‌ಗೆ 110 ರೂಪಾಯಿ ಎನ್ನೋಣ. ಆಗ ಬೆಲೆ 11,000 ರೂ. ಇದರ ಮೇಲೆ ಬ್ಯಾಂಕ್ ವಿದೇಶಿ ಕರೆನ್ಸಿ ಶುಲ್ಕ ಹಾಕುತ್ತದೆ. ಹೆಚ್ಚಿನ ಕಾರ್ಡುಗಳಲ್ಲಿ ಅದು ಶೇಕಡಾ 2ರಿಂದ 3.5. ಶೇಕಡಾ 3.5 ಎಂದರೆ 385 ರೂ. ಆ ಶುಲ್ಕದ ಮೇಲೆ ಶೇಕಡಾ 18 ಜಿಎಸ್‌ಟಿ, 69.30 ರೂ. ಒಟ್ಟು 11,454.30 ರೂ.

ಕೆಲವು ತಾಣಗಳು "ರೂಪಾಯಿಯಲ್ಲೇ ಕಟ್ಟುವಿರಾ?" ಎಂದು ಕೇಳುತ್ತವೆ. ಕೇಳಲು ಹಿತ, ಆದರೆ ಅಲ್ಲಿ ವಿನಿಮಯ ದರವನ್ನು ನಿಗದಿ ಮಾಡುವುದು ಮಾರಾಟಗಾರನ ಕಡೆಯವರು. ಅವರು ಪೌಂಡ್‌ಗೆ 116 ರೂ. ಹಿಡಿದರೆ ನಾವು ತೆರುವುದು 11,600 ರೂ. ಇದರ ಮೇಲೂ ಕೆಲವು ಬ್ಯಾಂಕುಗಳು ಶುಲ್ಕ ಹಾಕುತ್ತವೆ. ಆದ್ದರಿಂದ ಸಾಮಾನ್ಯವಾಗಿ ಮಾರಾಟಗಾರನ ದೇಶದ ಕರೆನ್ಸಿಯನ್ನೇ ಆರಿಸುವುದು ಲಾಭ. ವಸ್ತು ಪಾರ್ಸೆಲ್‌ನಲ್ಲಿ ಬರುವುದಾದರೆ ಸೀಮಾಸುಂಕವನ್ನೂ ಲೆಕ್ಕಕ್ಕೆ ಸೇರಿಸಿ. ವಸ್ತುವನ್ನು ಹಿಂದಿರುಗಿಸಿದರೆ ಆ ದಿನದ ದರದಲ್ಲಿ ಹಣ ಬರುವುದರಿಂದ ಕೊಟ್ಟಷ್ಟೇ ಸಿಗದಿರಬಹುದು.

"ಮೊದಲ ತಿಂಗಳು ಉಚಿತ" ಎಂಬ ಚಂದಾಗಳ ಬಗ್ಗೆಯೂ ಎಚ್ಚರವಿರಲಿ. ಎರಡನೆಯ ತಿಂಗಳಿನಿಂದ ಹಣ ಕಡಿತ ಶುರುವಾಗುತ್ತದೆ. ಬೇಡವಾದರೆ ಆ್ಯಪನ್ನು ಅಳಿಸಿದರೆ ಸಾಲದು, ಚಂದಾವನ್ನೇ ರದ್ದು ಮಾಡಬೇಕು. ಇನ್ನು ಆನ್‌ಲೈನ್ ಫಾರೆಕ್ಸ್ ಟ್ರೇಡಿಂಗ್ ಮಾಡಿ ಶ್ರೀಮಂತರಾಗಿ ಎನ್ನುವ ತಾಣಗಳಿಗೆ ಕಾರ್ಡ್ ಕೊಡಲೇಬೇಡಿ. ಅನುಮತಿಯಿಲ್ಲದ ಇಂಥ ತಾಣಗಳ ಎಚ್ಚರಿಕೆ ಪಟ್ಟಿಯನ್ನು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಿಂದ ಪ್ರಕಟಿಸುತ್ತಿದೆ. ವಿದೇಶಿ ಲಾಟರಿ ಟಿಕೆಟ್‌ಗೆ ಹಣ ಕಳುಹಿಸುವುದು ಫೆಮಾ ನಿಯಮಗಳಲ್ಲಿ ನಿಷಿದ್ಧ.

ಮೋಸವಾದರೆ ಗಡಿಯಾರ ನೋಡಿ

2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆಯನ್ನು ಪ್ರತಿ ಮನೆಯಲ್ಲೂ ಒಬ್ಬರಾದರೂ ತಿಳಿದಿರಬೇಕು. ತಪ್ಪು ನಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ, ಮಾಹಿತಿ ಬೇರೆಲ್ಲೋ ಸೋರಿದೆ ಎಂದಿಟ್ಟುಕೊಳ್ಳಿ. ಬ್ಯಾಂಕಿನ ಸಂದೇಶ ಬಂದ ಮೇಲೆ 3 ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ನಮ್ಮ ಹೊಣೆ ಸೊನ್ನೆ. 4ರಿಂದ 7 ದಿನಗಳಾದರೆ ಸಾಮಾನ್ಯ ಉಳಿತಾಯ ಖಾತೆಗೆ ಗರಿಷ್ಠ 10,000 ರೂ., ಬೇಸಿಕ್ ಉಳಿತಾಯ ಖಾತೆಗೆ 5,000 ರೂ. ನಷ್ಟ ನಮ್ಮ ಪಾಲು. 7 ದಿನ ಮೀರಿದರೆ ಆಯಾ ಬ್ಯಾಂಕಿನ ನೀತಿಯಂತೆ. ದೂರು ಕೊಟ್ಟ 10 ಕೆಲಸದ ದಿನಗಳಲ್ಲಿ ಬ್ಯಾಂಕ್ ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಜಮಾ ಮಾಡಬೇಕು, 90 ದಿನಗಳಲ್ಲಿ ದೂರನ್ನು ಇತ್ಯರ್ಥಪಡಿಸಬೇಕು. ಆದರೆ ಪಿನ್ ಅಥವಾ ಓಟಿಪಿಯನ್ನು ನಾವೇ ಹೇಳಿಬಿಟ್ಟಿದ್ದರೆ, ದೂರು ಕೊಡುವವರೆಗಿನ ಪೂರ್ತಿ ನಷ್ಟ ನಮ್ಮದೇ.

ಆದ್ದರಿಂದ ಹೆದರಿ ಮುಚ್ಚಿಡುವುದು ಎಲ್ಲಕ್ಕಿಂತ ದುಬಾರಿ. "ಅಬ್ಬಾ ಬೈಯುತ್ತಾರೆ" ಎಂದು ನಾಲ್ಕು ದಿನ ಸುಮ್ಮನಿದ್ದರೆ ಬೈಗುಳವೂ ತಪ್ಪುವುದಿಲ್ಲ, ಮೂರು ದಿನಗಳ ರಕ್ಷಣೆಯೂ ಹೋಗುತ್ತದೆ. ಮೊದಲು ಆ್ಯಪ್‌ನಲ್ಲಿ ಕಾರ್ಡನ್ನು ಬ್ಲಾಕ್ ಮಾಡಿ. ಬ್ಯಾಂಕಿಗೆ ತಿಳಿಸಿ ದೂರಿನ ಸಂಖ್ಯೆ ಬರೆದುಕೊಳ್ಳಿ. ನಂತರ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. 30 ದಿನಗಳಾದರೂ ಬ್ಯಾಂಕ್ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ಹಣ ಕಟ್ಟಿಯೂ ವಸ್ತು ಬಾರದಿದ್ದರೆ ಕಾರ್ಡ್ ಕೊಟ್ಟ ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್ ಕೋರಬಹುದು. ಅದಕ್ಕೂ ಗಡುವಿದೆ, ಆದ್ದರಿಂದ ರಸೀದಿ ಮತ್ತು ಇಮೇಲ್‌ಗಳನ್ನು ಜೋಪಾನವಾಗಿಡಿ.

ಪ್ರಥಮ ಪಿಯುಸಿಯಲ್ಲಿ ನಾವು ಬ್ಯಾಂಕ್ ಸಮನ್ವಯ ಪಟ್ಟಿ ಕಲಿತಿದ್ದೇವೆ. ನಗದು ಪುಸ್ತಕಕ್ಕೂ ಪಾಸ್‌ಬುಕ್‌ಗೂ ವ್ಯತ್ಯಾಸ ಏಕೆ ಬಂತೆಂದು ಹುಡುಕುವುದೇ ಆ ಪಾಠ. ತಿಂಗಳಿಗೊಮ್ಮೆ ಮನೆಯ ಕಾರ್ಡಿನ ಸ್ಟೇಟ್‌ಮೆಂಟ್ ತೆಗೆದು ಅದೇ ಕಣ್ಣಿನಿಂದ ಒಂದೊಂದು ಸಾಲನ್ನೂ ನೋಡಿ. ಗೊತ್ತಿಲ್ಲದ ಹೆಸರಿನಲ್ಲಿ ಒಂದು ಡಾಲರ್‌ನಷ್ಟು ಸಣ್ಣ ಮೊತ್ತ ಹೋಗಿದ್ದರೂ ಕಡೆಗಣಿಸಬೇಡಿ. ಕದ್ದ ಕಾರ್ಡ್ ನಡೆಯುತ್ತದೆಯೇ ಎಂದು ಕಳ್ಳರು ಮೊದಲು ಚಿಲ್ಲರೆಯಿಂದಲೇ ಪರೀಕ್ಷಿಸುತ್ತಾರೆ. ಪರೀಕ್ಷೆಯಲ್ಲಿ ಅಂಕ ತಂದುಕೊಡುವ ಈ ಪಾಠ ಅಬ್ಬಾ, ಅಮ್ಮಿಯ ದುಡಿಮೆಯ ಹಣವನ್ನೂ ಕಾಯಲಿ.